ಕಡೆಯ ಸಾಲಿನ ಕುರ್ಚಿ

ಬೆಂಗಳೂರಿನಲ್ಲಿ ಕನ್ನಡ ಪುಸ್ತಕಗಳು ಹೆಚ್ಚಾಗಿ ಬಿಡುಗಡೆಯಾಗುವುದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ಹಾಗೆಂದು ಯಾರೂ ವಿಧಿಸಿದ್ದಲ್ಲ. ನೌಕರಿಯಲ್ಲಿರುವವರಿಗೆ ಅದು ಬಿಡುವಿನ ಹೊತ್ತು. ಸಭಾಂಗಣದ ಬಾಡಿಗೆ ಅರ್ಧ ದಿನಕ್ಕೆ ಮುಗಿಯುತ್ತದೆ. ಬಂದವರು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಆದರೆ ಧರ್ಮಕೇಂದ್ರವೊಂದರ ಗುರುವಿಗೆ ಇಡೀ ವಾರದಲ್ಲಿ ಸ್ವಲ್ಪವೂ ಬಿಡುವಿಲ್ಲದ ಗಳಿಗೆ ಯಾವುದೆಂದರೆ ಅದೂ ಅದೇ. ಎರಡನೆಯ ಬಲಿಪೂಜೆ ಆಗತಾನೆ ಮುಗಿದಿರುತ್ತದೆ. ಧರ್ಮೋಪದೇಶದ ತರಗತಿಯ ಮಕ್ಕಳು ಅಂಗಳದಲ್ಲಿ ಗಲಾಟೆ ಮಾಡುತ್ತಿರುತ್ತಾರೆ. ಮದುವೆಯ ಕಾಗದಪತ್ರಗಳಿಗೆ, ಜ್ಞಾನಸ್ನಾನದ ದೃಢೀಕರಣಕ್ಕೆ ಕಚೇರಿಯ ಮುಂದೆ ಜನ ಕಾದಿರುತ್ತಾರೆ. ಇಪ್ಪತ್ತೆರಡು ವರ್ಷ ನಾನು ಬೇರೆ ಬೇರೆ ಧರ್ಮಕೇಂದ್ರಗಳಲ್ಲಿದ್ದೆ. ಸಾಹಿತ್ಯದಲ್ಲಿ ಒಲವುಳ್ಳವನೆಂದು ತಿಳಿದು ಮಿತ್ರರು ಕಳುಹಿಸುತ್ತಿದ್ದ ಆಹ್ವಾನ ಪತ್ರಿಕೆಗಳನ್ನೆಲ್ಲ ಮೇಜಿನ ಗಾಜಿನ ಕೆಳಗೆ ಸೇರಿಸುತ್ತಿದ್ದೆ. ಅವುಗಳಲ್ಲಿ ಒಂದಕ್ಕೂ ಹೋಗಲಾಗಲಿಲ್ಲ.

2018ರಲ್ಲಿ ಮೇಲಧಿಕಾರಿಗಳು ನನ್ನನ್ನು ಗುರುಮಠಕ್ಕೆ ಪಾಠ ಹೇಳಲು ಕಳುಹಿಸಿದರು. ಅಲ್ಲಿಗೆ ಹೋದ ಮೊದಲ ಭಾನುವಾರ ಸಮೀಪದ ಕನ್ಯಾಮಠದಲ್ಲಿ ಏಳು ಗಂಟೆಯ ಪೂಜೆ ಅರ್ಪಿಸಿ ಹಿಂದಿರುಗಿದೆ. ಒಂಬತ್ತು ಗಂಟೆಯಾಯಿತು. ನನ್ನ ಬಾಗಿಲು ತಟ್ಟುವವರು ಒಬ್ಬರೂ ಇರಲಿಲ್ಲ. ಆ ನಿಶ್ಶಬ್ದವನ್ನು ಏನು ಮಾಡುವುದೆಂದು ತೋಚದೆ ದಿನಪತ್ರಿಕೆ ತೆರೆದರೆ ನಗರದ ಕಾರ್ಯಕ್ರಮಗಳ ಅಂಕಣದಲ್ಲಿ ಐದು ಪುಸ್ತಕಗಳ ಬಿಡುಗಡೆಯ ಸುದ್ದಿಯಿತ್ತು. ಒಂದು ಅಂಗಿ ಧರಿಸಿ ಹೊರಟೆ.

‘ಒಂದು ಅಂಗಿ’ ಎಂದು ಬರೆದದ್ದನ್ನು ತಾವು ಗಮನಿಸಬೇಕು. ಬಿಳಿಯ ನಿಲುವಂಗಿಯನ್ನು ಅಂದು ನಾನು ಗೂಟಕ್ಕೆ ನೇತುಹಾಕಿ ಹೋದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಗುರುಮಠದಿಂದ ಬಸವನಗುಡಿಗೆ ಹೋಗುವುದು ಈಗ ಹಿಂದಿನಷ್ಟು ತ್ರಾಸದ ಕೆಲಸವಲ್ಲ. 2017ರ ಜೂನ್ ತಿಂಗಳಲ್ಲಿ ಹಸಿರು ಮಾರ್ಗದ ಮೆಟ್ರೊ ನಗರದ ದಕ್ಷಿಣ ಭಾಗಕ್ಕೂ ಓಡತೊಡಗಿದ ಮೇಲೆ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದರೆ ಸಾಕು. ಆ ಸುತ್ತಿನಲ್ಲಿ ಮಾತು ಕೇಳುವುದಕ್ಕೆಂದೇ ಕಟ್ಟಿದ ಮನೆಗಳು ಎಷ್ಟೊಂದಿವೆ! ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿಗಳು 1945ರಲ್ಲಿ ಆರಂಭಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಅಲ್ಲಿದೆ. ಹೆಸರು ಉದ್ದವಾದುದರಿಂದ ಜನರ ಬಾಯಲ್ಲಿ ಅದು ‘ವಾಡಿಯಾ ಹಾಲ್’. ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದೂ ಅದೇ 1945ರಲ್ಲಿ. ಮಹಾಯುದ್ಧ ಮುಗಿಯುತ್ತಿದ್ದ, ಅಕ್ಕಿಗಾಗಿ ಪಡಿತರ ಚೀಟಿ ಹಿಡಿದು ನಿಲ್ಲಬೇಕಾಗಿದ್ದ ವರ್ಷದಲ್ಲಿ ಈ ಊರಿನವರಿಗೆ ಉಪನ್ಯಾಸಕ್ಕೆ ಜಾಗ ಬೇಕು ಎನಿಸಿತ್ತು. 1970ರಲ್ಲಿ ನಾಡಿನ ಜನ ಡಿ.ವಿ.ಜಿ.ಯವರನ್ನು ಗೌರವಿಸಿ ಅರ್ಪಿಸಿದ 1 ಲಕ್ಷ ರೂಪಾಯಿಗಳನ್ನು ಅವರು ಈ ಸಂಸ್ಥೆಗೇ ಕೊಟ್ಟುಬಿಟ್ಟರು. ಅಲ್ಲಿನ ಕುರ್ಚಿಯಲ್ಲಿ ಕುಳಿತಾಗಲೆಲ್ಲ ನನಗೆ ಆ ಹಣದ ನೆನಪಾಗುತ್ತದೆ. ನಾವು ನಮ್ಮ ಸನ್ಮಾನಗಳ ಹಣವನ್ನು ಏನು ಮಾಡುತ್ತೇವೆ ಎಂಬ ನೆನಪೂ ಆಗುತ್ತದೆ. ಅದನ್ನು ಇಲ್ಲಿಗೇ ಬಿಡೋಣ.

ಜೆ.ಸಿ. ರಸ್ತೆಗೆ ಬಂದರೆ 1963ರಲ್ಲಿ ಉದ್ಘಾಟನೆಗೊಂಡ ರವೀಂದ್ರ ಕಲಾಕ್ಷೇತ್ರ, ಅದರ ಪಕ್ಕದ ಕನ್ನಡ ಭವನದ ನಯನ ಸಭಾಂಗಣ. ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು. ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನದಲ್ಲಿ ಮಿಥಿಕ್ ಸೊಸೈಟಿ. ಚಿತ್ರಕಲಾ ಪರಿಷತ್ತಿನಲ್ಲಿ ಕಲಾವಿದರು ತಮ್ಮ ಚಿತ್ರಗಳ ಮುಂದೆಯೇ ನಿಂತು ಮಾತನಾಡುವುದುಂಟು. ಆ ಪರಿಷತ್ತು ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆಸುವ ಚಿತ್ರಸಂತೆಯೂ ಭಾನುವಾರವೇ ಎಂಬುದನ್ನು ನನ್ನ ಸಹೋದರ ಗುರುಗಳು ಕ್ಷಮಿಸಬೇಕು.

ಕನ್ನಡ ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ತನ್ನದೇ ಆದ ಒಂದು ಪೂಜಾವಿಧಿ ಇದೆ. ಮೊದಲು ಉಪ್ಪಿಟ್ಟು, ಕೇಸರಿಬಾತು, ಕಾಫಿ. ಅನಂತರ ಪ್ರಾರ್ಥನಾ ಗೀತೆ, ಸ್ವಾಗತ, ದೀಪ ಬೆಳಗುವುದು. ದೀಪದ ಬತ್ತಿ ಒಮ್ಮೆಗೇ ಹತ್ತಿದ್ದನ್ನು ನಾನು ಕಂಡಿಲ್ಲ. ಬಣ್ಣದ ಕಾಗದದಲ್ಲಿ ಸುತ್ತಿದ ಪ್ರತಿಗಳನ್ನು ತಟ್ಟೆಯಲ್ಲಿ ತರುತ್ತಾರೆ. ವೇದಿಕೆಯ ಗಣ್ಯರು ದಾರ ಬಿಚ್ಚಲಾರದೆ ಕಾಗದ ಹರಿದು, ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಛಾಯಾಗ್ರಾಹಕನತ್ತ ನೋಡುತ್ತಾರೆ. ಕೃತಿಯನ್ನು ಕುರಿತು ಮಾತನಾಡುವವರು ಕೃತಿಯನ್ನು ಓದಿರುವುದೂ ಉಂಟು. ಅಧ್ಯಕ್ಷರ ಭಾಷಣದ ಹೊತ್ತಿಗೆ ಹಿಂದಿನ ಸಾಲುಗಳು ಖಾಲಿಯಾಗತೊಡಗುತ್ತವೆ. ಪುಸ್ತಕ ಬರೆದವರಿಗೆ ಸಿಗುವುದು ಕೊನೆಯ ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಕೃತಜ್ಞತೆಗೆ ಹೋಗುತ್ತದೆ. ಬಾಗಿಲ ಬಳಿಯ ಮೇಜಿನಲ್ಲಿ ಅಂದು ಮಾತ್ರ ರಿಯಾಯಿತಿ. ಇದನ್ನು ನಾನು ಲೇವಡಿಗಾಗಿ ಬರೆಯುತ್ತಿಲ್ಲ. ಈ ವಿಧಿಯನ್ನು ಸಹಿಸಿಕೊಂಡು, ಸ್ವಂತ ಹಣದಿಂದ ಪುಸ್ತಕ ಕೊಂಡು, ಬಸ್ಸು ಹಿಡಿದು ಮನೆಗೆ ಹೋಗುವ ಎಂಬತ್ತು ಜನ ಪ್ರತಿ ಭಾನುವಾರ ಈ ನಗರದಲ್ಲಿ ಸಿಗುತ್ತಾರೆ ಎಂಬುದೇ ನನಗೆ ಅಚ್ಚರಿ.

ಇನ್ನು ನಿಲುವಂಗಿಯ ಮಾತು. ಗುರುಮಠದಲ್ಲಿ ನಮಗೆ ಪ್ರಬೋಧನೆ ಮಾಡುವುದನ್ನು ಕಲಿಸಿದರು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಂಟು ನಿಮಿಷದಲ್ಲಿ ಹೇಗೆ ಮುಗಿಸಬೇಕು ಎಂದೆಲ್ಲ ಹೇಳಿಕೊಟ್ಟರು. ಕೇಳಿಸಿಕೊಳ್ಳುವುದಕ್ಕೆ ಪಠ್ಯವಿರಲಿಲ್ಲ. ಗುರುದೀಕ್ಷೆಯಾದ ಮೇಲೆ ಎಲ್ಲಿ ಹೋದರೂ ನನ್ನನ್ನು ಮುಂದಿನ ಸಾಲಿಗೆ ಕರೆದೊಯ್ದರು, ಮಾತನಾಡಲು ಕೋರಿದರು. ಎರಡು ದಶಕ ಕಳೆದ ಮೇಲೆ ನೋಡಿಕೊಂಡರೆ, ಬೇರೊಬ್ಬರು ಹತ್ತು ನಿಮಿಷ ಮಾತನಾಡುವಾಗ ನಾನು ಮನಸ್ಸಿನಲ್ಲಿ ನನ್ನ ಉತ್ತರವನ್ನು ಸಿದ್ಧಪಡಿಸುತ್ತಿದ್ದೆ. ಆದ್ದರಿಂದ ಯಾರೂ ಅಲ್ಲದವನಾಗಿ ಕಡೆಯ ಸಾಲಿನಲ್ಲಿ ಕುಳಿತು ಕೇಳೋಣ ಎಂದು ಅಂಗಿ ಧರಿಸಿ ಹೊರಟೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ‘ಪಾದ್ರಿಗೆ ಇಲ್ಲೇನು ಕೆಲಸ’ ಎಂಬ ನೋಟವನ್ನು ಎದುರಿಸುವ ಅಳುಕೂ ಅದರಲ್ಲಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಕೇಳುವುದಕ್ಕೆ ಕುಳಿತವನಿಗೆ ಬಹಳ ಸಿಕ್ಕಿತು. ಚಿತ್ರಗಾರರೊಬ್ಬರನ್ನು, ‘ಈ ನೀಲಿಯ ಸಂಕೇತವೇನು?’ ಎಂದು ಯಾರೋ ಕೇಳಿದರು. ‘ಆ ರಾತ್ರಿ ನನ್ನ ಬಳಿ ಉಳಿದದ್ದು ನೀಲಿ ಮಾತ್ರ’ ಎಂದರು ಅವರು. ಹಿರಿಯ ಕಥೆಗಾರರೊಬ್ಬರನ್ನು ವಿದ್ಯಾರ್ಥಿನಿಯೊಬ್ಬಳು, ಕಥೆಯ ಕೊನೆಯಲ್ಲಿ ಮನೆ ಬಿಟ್ಟು ಹೋದ ಮಗ ಹಿಂದಿರುಗಿದನೇ ಎಂದು ಪ್ರಶ್ನಿಸಿದಳು. ಅವರು ಬಹಳ ಹೊತ್ತು ಯೋಚಿಸಿ, ‘ನನಗೆ ಗೊತ್ತಿಲ್ಲಮ್ಮ’ ಎಂದರು. ಸಭೆ ನಕ್ಕಿತು. ಅವರು ನಗಲಿಲ್ಲ. ಬೋಧನಾಪೀಠದಲ್ಲಿ ನಿಂತು ಆ ಎರಡು ಪದಗಳನ್ನು ನಾನು ಎಂದಾದರೂ ಉಚ್ಚರಿಸಿದ್ದೇನೆಯೇ ಎಂದು ಮೆಟ್ರೊದಲ್ಲಿ ಹಿಂದಿರುಗುವಾಗ ಲೆಕ್ಕ ಹಾಕಿದೆ. ಲೆಕ್ಕಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಇಂಥ ಸಭೆಗಳಲ್ಲಿಯೇ ನನಗೆ ರಾಯರ ಪರಿಚಯವಾದದ್ದು. ಅವರ ಹೆಸರು ಬೇಡ. ಎಲ್ಲರೂ ರಾಯರೆಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದವರು, ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರು. ಉದ್ದನೆಯ ಹಳೆಯ ಲೆಕ್ಕದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಭಾಷಣಗಳನ್ನು ಬರೆದುಕೊಳ್ಳುತ್ತಿದ್ದರು. ಕಾಲುನೋವಿನಿಂದಾಗಿ ಎದ್ದು ಹೋಗಲು ಅನುಕೂಲವೆಂದು ಅವರೂ ಕಡೆಯ ಸಾಲಿಗೆ ಬರುತ್ತಿದ್ದರು. ಮೊದಲ ದಿನವೇ, ‘ಈ ಕುರ್ಚಿ ಖಾಲಿಯೇ ಸ್ವಾಮಿ?’ ಎಂದರು. ನಾನು ಬೆಚ್ಚಿದೆ. ನಮ್ಮ ಭಕ್ತರು ಗುರುಗಳನ್ನು ಕರೆಯುವ ಪದವಲ್ಲವೇ ಅದು! ಮರುಕ್ಷಣ, ಹಳೆಯ ಮೈಸೂರು ಸೀಮೆಯವರು ತರಕಾರಿ ಮಾರುವವನನ್ನೂ ‘ಏನ್ ಸ್ವಾಮಿ’ ಎನ್ನುತ್ತಾರೆಂಬುದು ನೆನಪಾಗಿ ಸಮಾಧಾನವಾಯಿತು. ‘ತಾವೇನು ಮಾಡಿಕೊಂಡಿದ್ದೀರಿ?’ ಎಂದು ಕೇಳಿದಾಗ ‘ಪಾಠ ಹೇಳುತ್ತೇನೆ’ ಎಂದೆ. ಸುಳ್ಳಲ್ಲ. ಅರ್ಧ ಸತ್ಯವನ್ನು ನಮ್ಮ ನೀತಿಶಾಸ್ತ್ರದ ಪಾಠದಲ್ಲಿ ಏನೆನ್ನುತ್ತಾರೆಂಬುದನ್ನು ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದ ಕಾಲ ಅದು.

ಒಮ್ಮೆ ಮಿಥಿಕ್ ಸೊಸೈಟಿಯಲ್ಲಿ ಬೇಗೂರಿನ ಶಾಸನವನ್ನು ಕುರಿತ ಉಪನ್ಯಾಸ. ಸುಮಾರು 9ನೆಯ ಶತಮಾನದ ಕೊನೆಯ ಆ ವೀರಗಲ್ಲಿನಲ್ಲಿಯೇ ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದು. ಅದೂ ಒಂದು ಕಾಳಗದಲ್ಲಿ ಸತ್ತವನ ನೆನಪಿಗೆ. ಉಪನ್ಯಾಸ ಮುಗಿದು ಮೆಟ್ಟಿಲಿಳಿಯುವಾಗ ರಾಯರು, ‘ನಿಮಗೆ ತಿಳಿದಿರಲಾರದು ಸ್ವಾಮಿ, 1909ರಲ್ಲಿ ಆರಂಭವಾದ ಈ ಸಂಸ್ಥೆಗೆ ಮೊದಮೊದಲಿನ ವರ್ಷಗಳಲ್ಲಿ ಬಹುಕಾಲ ಅಧ್ಯಕ್ಷರಾಗಿದ್ದವರು ಒಬ್ಬ ಫ್ರೆಂಚ್ ಪಾದ್ರಿ. ಟಬಾರ್ಡ್ ಅಂತ. ಎಲ್ಲಿಂದಲೋ ಬಂದು ನಮ್ಮ ಕಲ್ಲುಗಳನ್ನು ಓದುವವರ ನಡುವೆ ಕೂತರು ನೋಡಿ’ ಎಂದರು. ಫಾದರ್ ಟಬಾರ್ಡ್ ಅವರ ವಿಷಯ ನನಗೆ ತಿಳಿಯದೆ ಏನು! ಅವರು ತಮ್ಮ ನಿಲುವಂಗಿಯಲ್ಲಿಯೇ ಆ ಪೀಠದಲ್ಲಿ ಕುಳಿತವರು. ‘ಹೌದೇ?’ ಎಂದೆ. ನನ್ನ ಗುರುಜೀವನದಲ್ಲಿ ನಾನಾಡಿದ ಅತ್ಯಂತ ಅಲ್ಪವಾದ ಮಾತು ಅದೇ ಇರಬೇಕು.

ಆ ಸಂಜೆ ಗಾಂಧಿಬಜಾರಿನ ಬಳಿ ನಿಂತು ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡೆವು. ಅಷ್ಟು ಶ್ರದ್ಧೆಯಿಂದ ಬರೆದುಕೊಂಡು ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಲೋಟವನ್ನು ಕಟ್ಟೆಯ ಮೇಲಿಟ್ಟರು. ಅವರ ಮಡದಿಗೆ ಓದಿನ ಹುಚ್ಚು. ಮೊಣಕಾಲು ಕೈಕೊಟ್ಟ ಮೇಲೆ ಸಭೆಗಳಿಗೆ ಬರಲಾಗುತ್ತಿರಲಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತಾ, ‘ಇವತ್ತು ಏನಂದರು?’ ಎಂದು ಕೇಳುತ್ತಿದ್ದರಂತೆ. ಸರಿಯಾಗಿ ಹೇಳದಿದ್ದರೆ ಮುನಿಸು. ಅದಕ್ಕಾಗಿ ಬರೆದುಕೊಳ್ಳಲು ಆರಂಭಿಸಿದ್ದು. ಆಕೆ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯ ಆ ಕೊನೆಯ ವಾರದ ಸಂಗತಿಯನ್ನೂ, ತಮ್ಮಿಂದ ಆಗಬೇಕಾಗಿದ್ದು ಆಗದೇ ಹೋದ ಒಂದು ವಿಷಯವನ್ನೂ ಅವರು ಹೇಳಿದರು. ಅದನ್ನು ಇಲ್ಲಿ ಬರೆಯಲಾರೆ. ನಾನು ಸುಮ್ಮನೆ ಕೇಳಿದೆ. ಕೇಳುವುದನ್ನು ಕಲಿಯುತ್ತಿದ್ದೇನೆಂದು ಒಳಗೊಳಗೇ ಸಂತೋಷವೂ ಆಯಿತೆಂದು ಹೇಳಿದರೆ ತಾವು ನನ್ನನ್ನು ಹಗುರವಾಗಿ ಕಾಣಬಹುದು, ಆದರೆ ಆಯಿತು.

2020ರ ಮಾರ್ಚ್ ತಿಂಗಳ ಮೊದಲ ಭಾನುವಾರ. ಯುವ ಲೇಖಕಿಯೊಬ್ಬರ ಮೊದಲ ಕಥಾಸಂಕಲನದ ಬಿಡುಗಡೆ. ಮುಖ್ಯ ಅತಿಥಿಗಳು ಬಂದಿರಲಿಲ್ಲ. ನಿರೂಪಕರು ಸಭೆಯತ್ತ ಕಣ್ಣಾಡಿಸಿ, ನನ್ನನ್ನು ಹಿಂದೊಮ್ಮೆ ಧರ್ಮಕೇಂದ್ರದ ಉತ್ಸವದಲ್ಲಿ ಕಂಡಿದ್ದವರು, ಗುರುತು ಹಿಡಿದುಬಿಟ್ಟರು. ‘ಪೂಜ್ಯ ಫಾದರ್ ನಮ್ಮ ನಡುವೆ ಇದ್ದಾರೆ. ನಮ್ಮ ಭಾಷೆಗೆ ನಿಘಂಟು ಕೊಟ್ಟ ಕಿಟ್ಟೆಲ್ ಅವರ ಪರಂಪರೆಯವರು. ವೇದಿಕೆಗೆ ಬರಬೇಕು’ ಎಂದರು. 1894ರಲ್ಲಿ ಆ ಮಹಾನಿಘಂಟನ್ನು ಹೊರತಂದ ಕಿಟ್ಟೆಲ್ ಅವರು ಬಾಸೆಲ್ ಮಿಷನ್ನಿನವರು, ಪ್ರೊಟೆಸ್ಟೆಂಟರು. ಆದರೂ ಈ ನಾಡಿನಲ್ಲಿ ಯಾವ ಪಾದ್ರಿ ವೇದಿಕೆ ಹತ್ತಿದರೂ ಆ ಎಪ್ಪತ್ತು ಸಾವಿರ ಪದಗಳ ಕೀರ್ತಿ ಅವನ ಹೆಗಲೇರುತ್ತದೆ. ಬೇಡವೆನ್ನಬಹುದಾಗಿತ್ತು. ಎದ್ದೆ. ಎದ್ದಾಗ ನನ್ನ ಮೊಣಕೈ ರಾಯರ ಪುಸ್ತಕಕ್ಕೆ ತಾಗಿತು. ಅವರು ತಲೆಯೆತ್ತಿ ನೋಡಿದರು.

ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಮೈಕು ಬಂತು. ಪುಸ್ತಕವನ್ನು ನಾನು ಓದಿರಲಿಲ್ಲ. ಅದರ ಬೆನ್ನುಡಿಯನ್ನು ಮಾತ್ರ ನೋಡಿದ್ದೆ. ಮೈಕು ಕೈಗೆ ಬಂದೊಡನೆ ಇಪ್ಪತ್ತೆರಡು ವರ್ಷಗಳ ಅಭ್ಯಾಸ ಎಚ್ಚೆತ್ತಿತು. ಕರುಣೆಯನ್ನು ಕುರಿತು ಮಾತನಾಡಿದೆ. ದಯಾಳು ಸಮಾರಿಯನ ಸಾಮತಿಯನ್ನು ವಿವರಿಸಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತೆ, ಎಲ್ಲಿ ದನಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿದೆ. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ಮಾತೂ ಮುಗಿದಾಗ ಸಭಾಂಗಣದ ಸಮಯ ಮೀರಿತ್ತು. ಮೇಲ್ವಿಚಾರಕರು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದರು. ಲೇಖಕಿ ನಾಲ್ಕು ಪುಟಗಳ ಮಾತನ್ನು ಬರೆದು ತಂದಿದ್ದರು. ಹಾಳೆಗಳನ್ನು ಮಡಿಚಿಟ್ಟು, ಅವರ ತಾಯಿ ಹೊಲಿಗೆಯ ಯಂತ್ರದ ಪಕ್ಕದಲ್ಲಿ ಹೇಗೆ ಕಥೆ ಹೇಳುತ್ತಿದ್ದರೆಂಬುದನ್ನಷ್ಟೇ ಗಡಿಬಿಡಿಯಲ್ಲಿ ಹೇಳಿ ಕುಳಿತರು. ಆ ತಾಯಿ ಮೊದಲ ಸಾಲಿನಲ್ಲಿದ್ದರು.

ಹೊರಗೆ ಬಂದಾಗ ರಾಯರು ಚಪ್ಪಲಿ ಮೆಟ್ಟುತ್ತಿದ್ದರು. ಶಾಲನ್ನು ಕಂಕುಳಲ್ಲಿ ಮುದುರಿಕೊಂಡು ನಿಂತೆ.

‘ಪಾಠ ಹೇಳುತ್ತೇನೆ ಎಂದಿದ್ದಿರಿ ಫಾದರ್’ ಎಂದರು.

ಅವರ ಬಾಯಲ್ಲಿ ‘ಸ್ವಾಮಿ’ ಹೋಗಿ ‘ಫಾದರ್’ ಬಂದಿತ್ತು. ಗುರುಮಠದಲ್ಲಿ ಪಾಠ ಹೇಳುವುದು ನಿಜವೆಂದೂ, ಬೇರೇನೂ ಉದ್ದೇಶವಿರಲಿಲ್ಲವೆಂದೂ ತೊದಲಿದೆ.

‘ತಪ್ಪೇನಿಲ್ಲ. ಮೊದಲೇ ಗೊತ್ತಿದ್ದಿದ್ದರೆ ಅವತ್ತು ಕಾಫಿ ಕುಡಿಯುವಾಗ ಇನ್ನೊಂದು ಮಾತು ಕೇಳುತ್ತಿದ್ದೆ. ಅಷ್ಟೇ’ ಎಂದು ಹೇಳಿ, ನಿಧಾನವಾಗಿ ಮೆಟ್ಟಿಲಿಳಿದು ಹೋದರು.

ಮುಂದಿನ ಭಾನುವಾರ ಕ್ಷಮೆ ಕೇಳೋಣ ಎಂದುಕೊಂಡೆ. ಆ ತಿಂಗಳಲ್ಲಿ ಏನಾಯಿತೆಂಬುದು ತಮಗೆ ಗೊತ್ತಿದೆ. ಸಭಾಂಗಣಗಳು ಮುಚ್ಚಿದವು, ದೇವಾಲಯಗಳೂ ಮುಚ್ಚಿದವು. ಉಪನ್ಯಾಸಗಳು ಯೂಟ್ಯೂಬಿಗೆ ಬಂದವು. ನಮ್ಮ ಪೂಜೆಗಳೂ ಅಲ್ಲಿಗೇ ಬಂದವು. ಪರದೆಯ ಮೇಲೆ ಮಾತನಾಡುವವರು ಕಾಣುತ್ತಿದ್ದರು, ಪಕ್ಕದ ಕುರ್ಚಿಯವರು ಕಾಣುತ್ತಿರಲಿಲ್ಲ. ಎರಡು ವರ್ಷ ಪಕ್ಕದಲ್ಲಿ ಕುಳಿತ ಮನುಷ್ಯನ ಮನೆ ಎಲ್ಲಿ, ದೂರವಾಣಿ ಸಂಖ್ಯೆ ಏನು ಎಂಬುದನ್ನು ನಾನು ಕೇಳಿರಲಿಲ್ಲ. ಕೇಳಿದ್ದರೆ ನನ್ನ ವಿಳಾಸವನ್ನೂ ಕೊಡಬೇಕಾಗುತ್ತಿತ್ತಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಪತ್ರಿಕೆಯ ಶ್ರದ್ಧಾಂಜಲಿಯ ಪುಟಗಳನ್ನು ನೋಡುವಾಗ, ಅವರ ಪೂರ್ಣ ಹೆಸರೂ ನನಗೆ ತಿಳಿಯದೆಂಬುದು ಅರಿವಾಯಿತು. ಹೆಸರಿಲ್ಲದವರಿಗಾಗಿ ಪೂಜೆಯಲ್ಲಿ ಪ್ರಾರ್ಥಿಸಲು ನಮಗೆ ಅವಕಾಶವಿದೆ. ಆದರೆ ಹೆಸರಿರುವ ಮನುಷ್ಯರನ್ನು ಆ ಪಟ್ಟಿಗೆ ಸೇರಿಸಬೇಕಾದಾಗ ಕೈ ನಡುಗುತ್ತದೆ.

2022ರಲ್ಲಿ ಸಭೆಗಳು ಮತ್ತೆ ಕಳೆಗಟ್ಟಿದವು. ಕೆಲವು ಪರಿಚಿತ ಮುಖಗಳು ಹಿಂದಿರುಗಲೇ ಇಲ್ಲ. ನಾನು ನಿಲುವಂಗಿಯಲ್ಲಿಯೇ ಹೋಗಲು ಆರಂಭಿಸಿದ್ದೆ. ವಾಡಿಯಾ ಹಾಲಿನಲ್ಲಿ ಅದನ್ನು ನೋಡಿ ಯಾರಿಗೂ ಏನೂ ಅನಿಸಲಿಲ್ಲವೆಂಬುದನ್ನು ಕಂಡು ನನಗೆ ತುಸು ನಿರಾಸೆಯೇ ಆಯಿತು. ಆಗಸ್ಟಿನ ಒಂದು ಸಂಜೆ, ಮಳೆ. ಕಡೆಯ ಸಾಲಿನಲ್ಲಿ ರಾಯರು ಕುಳಿತಿದ್ದರು. ತೆಳ್ಳಗಾಗಿದ್ದರು, ಕೈಯಲ್ಲಿ ಊರುಗೋಲು ಬಂದಿತ್ತು. ಪಕ್ಕದ ಕುರ್ಚಿಯ ಮೇಲೆ ಕೊಡೆ ಇಟ್ಟಿದ್ದರು. ನನ್ನನ್ನು ಕಂಡು ಕೊಡೆಯನ್ನು ತೆಗೆದು ಕೆಳಗಿಟ್ಟರು. ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರ ತೊಡೆಯ ಮೇಲೆ ಅದೇ ಲೆಕ್ಕದ ಪುಸ್ತಕ.

‘ನಿಮ್ಮದೂ ಬರೆದುಕೊಂಡಿದ್ದೇನೆ’ ಎಂದು ಪುಟ ತಿರುವಿ ತೋರಿಸಿದರು. 2020ರ ಮಾರ್ಚ್ ತಿಂಗಳ ಆ ದಿನಾಂಕ. ಮಾತನಾಡಿದವರ ಹೆಸರುಗಳ ಮುಂದೆ, ಲೆಕ್ಕಪತ್ರ ವಿಭಾಗದ ಅಚ್ಚುಕಟ್ಟಿನಲ್ಲಿ, ಪ್ರತಿಯೊಬ್ಬರೂ ತೆಗೆದುಕೊಂಡ ಹೊತ್ತು. ಫಾದರ್, 17 ನಿಮಿಷ. ಲೇಖಕಿ, 4 ನಿಮಿಷ. ನನ್ನ ಭಾಷಣದ ಸಾರಾಂಶಕ್ಕೆಂದು ಬಿಟ್ಟ ಜಾಗದಲ್ಲಿ ಒಂದೇ ಪದವಿತ್ತು: ಕರುಣೆ. ಲೇಖಕಿಯ ನಾಲ್ಕು ನಿಮಿಷಕ್ಕೆ ಒಂದೂವರೆ ಪುಟ. ಅದರಲ್ಲಿ ಯಾವ ಆಕ್ಷೇಪಣೆಯೂ ಇರಲಿಲ್ಲ. ಅವರ ಮುಖದಲ್ಲಿಯೂ ಇರಲಿಲ್ಲ.

ಆ ಸಂಕಲನವನ್ನು ಅನಂತರ ಓದಿದ್ದೇನೆಂದು ಹೇಳಿದೆ. ನಿಜವಾಗಿಯೂ ಓದಿದ್ದೆ, ಎರಡು ಬಾರಿ. ಲೇಖಕಿಗೆ ಒಂದು ಪತ್ರವನ್ನೂ ಬರೆದಿದ್ದೆ, ಉತ್ತರ ಬಂದಿರಲಿಲ್ಲ. ‘ಬರಬೇಕಾಗಿಯೂ ಇಲ್ಲ’ ಎಂದರು ರಾಯರು.

ಕಾರ್ಯಕ್ರಮ ಮುಗಿದ ಮೇಲೆ ಕಾಫಿಗೆ ಕರೆದೆ. ಈ ಬಾರಿ ಇಬ್ಬರಿಗೂ ಒಂದೊಂದು ಕಾಫಿ. ಅಂದು ಕೇಳಬೇಕೆಂದಿದ್ದ ಮಾತನ್ನು ಈಗ ಕೇಳಬಹುದೆಂದು ನಾನೇ ನೆನಪಿಸಿದೆ. ಅವರು ಬಹಳ ಹೊತ್ತು ರಸ್ತೆಯನ್ನು ನೋಡುತ್ತಿದ್ದು, ಅನಂತರ ಕೇಳಿದರು. ಅದು ಅವರ ಮಡದಿಗೆ ಸಂಬಂಧಿಸಿದ್ದು, ಆ ಕೊನೆಯ ವಾರಕ್ಕೆ ಸಂಬಂಧಿಸಿದ್ದು. ಇದಕ್ಕಿಂತ ಹೆಚ್ಚನ್ನು ಬರೆಯುವ ಹಕ್ಕು ನನಗಿಲ್ಲ. ದೇವಶಾಸ್ತ್ರದ ಗ್ರಂಥಗಳಲ್ಲಿ ಆ ಪ್ರಶ್ನೆಗೆ ಉತ್ತರಗಳಿವೆ. ನಾನು ಅವನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಅವು ನಾಲಿಗೆಯ ತುದಿಗೂ ಬಂದವು.

‘ನನಗೆ ಗೊತ್ತಿಲ್ಲ ರಾಯರೇ’ ಎಂದೆ.

ಅವರು ತಲೆಯಾಡಿಸಿದರು. ಮಳೆ ನಿಂತಿತ್ತು. ಅವರ ಕೊಡೆಯನ್ನು ನಾನು ಹಿಡಿದುಕೊಂಡು ಮೆಟ್ರೊ ನಿಲ್ದಾಣದವರೆಗೆ ಜೊತೆಯಾಗಿ ನಡೆದೆವು. ಊರುಗೋಲಿನ ನಡಿಗೆಗೆ ಅರ್ಧ ಗಂಟೆ ಬೇಕಾಯಿತು. ದಾರಿಯಲ್ಲಿ ಅವರು ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿರುವ ಕೆಲಸದ ಬಗ್ಗೆ ಹೇಳುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಅದರಲ್ಲಿ ಓದಿಗೆ ಸಿಗುತ್ತವೆಯಂತೆ. ನಿಲ್ದಾಣದ ಮೆಟ್ಟಿಲ ಬಳಿ ಕೊಡೆಯನ್ನು ತೆಗೆದುಕೊಂಡರು.

‘ಬರುವ ಶುಕ್ರವಾರ ಅದರ ಮೇಲೆಯೇ ಒಂದು ಉಪನ್ಯಾಸವಿದೆ, ಸಂಜೆ ಆರಕ್ಕೆ’ ಎಂದರು. ‘ಬರುತ್ತೀರಾ ಸ್ವಾಮಿ?’